ಎಡಬಾಗಿಲಿನ ಕುಳಿಗಳು

ಚಳ್ಳಕೆರೆಯ ತಮ್ಮ ಗ್ಯಾರೇಜಿನ ಶಟರ್ ಎತ್ತಿದ ಸುಭಾನ್ ಸಾಬರು ಹಾಗೇ ನಿಂತುಬಿಟ್ಟರು. ರಿಪೇರಿಗೆ ಬಂದಿದ್ದ ಹಳೆಯ ಮಿಲಿಟರಿ ಟ್ರಕ್ಕಿನ ಎಡಬಾಗಿಲಿನ ಹಸಿರು ಬಣ್ಣ ಮತ್ತೆ ಕುಳಿ ಬಿದ್ದಿತ್ತು— ಸಿಡುಬಿನ ಮುಖದ ಹಾಗೆ. ಬಲಬಾಗಿಲಿಗೆ ಮಾತ್ರ ಏನೂ ಆಗಿರಲಿಲ್ಲ.

ಜಿಡ್ಡು ತಾಗಿದ ತಗಡಿಗೆ ಬಣ್ಣ ಹಿಡಿಯದೆ ಹೀಗೇ ಕುಳಿ ಬೀಳುತ್ತದೆ. ಗ್ಯಾರೇಜಿನ ಹಿಂದೆಯೇ ಶೇಂಗಾ ಎಣ್ಣೆ ಮಿಲ್ಲು. ಗ್ಯಾರೇಜಿನ ಇನ್ನೊಂದು ಬೀಗದ ಕೈ ಬಣ್ಣ ಹೊಡೆಯುವ ಅಜ್ಮತ್‌ನ ಬಳಿ. ಹಿಂದಿನ ವಾರವಷ್ಟೇ ಸಾಬರಿಗೂ ಅವನಿಗೂ ಜಗಳವಾಗಿತ್ತು. ಸಾಬರಿಗೆ ಇಷ್ಟು ಸಾಕಾಯಿತು, ಅಜ್ಮತ್ ಬಂದ ಕೂಡಲೇ ಬೀಗದ ಕೈ ಕಿತ್ತುಕೊಂಡು ಠಾಣೆಗೆ ಫೋನ್ ಮಾಡಿದರು.

ಸಬ್‌ಇನ್ಸ್‌ಪೆಕ್ಟರ್ ಸ್ವಪ್ನ ಕುರಿ ಸಾಕುವವರ ಮನೆಯ ಮಗಳು. ಅವಳ ಜೀಪಿನಲ್ಲಿ ವರವು ಕಾವಲಿನ ಹುಲ್ಲುಗಾವಲ ಕಡೆಯ ಕ್ಯಾತಮ್ಮ ಎಂಬ ಮುದುಕಿ ಕೂತಿದ್ದಳು. ಕ್ಯಾತಮ್ಮ ಕುರಿ ಕೂಡುವ ರೊಪ್ಪದ ಬಾಗಿಲನ್ನು ಕೆಲವು ದಿನದ ಹಿಂದೆ ಯಾರೋ ಹೊತ್ತೊಯ್ದಿದ್ದರು; ನಿನ್ನೆ ರಾತ್ರಿ ತೋಳ ನುಗ್ಗಿ ಒಂದು ಮರಿಯನ್ನು ಕಚ್ಚಿಕೊಂಡು ಹೋಗಿತ್ತು. ಅಲ್ಲಿಗೆ ಹೊರಟಿದ್ದ ಸ್ವಪ್ನ ದಾರಿಯಲ್ಲಿ ಇಲ್ಲಿ ಇಳಿದಳು.

"ಎಣ್ಣೆ ಸವರಿದೆಯಾ ಅಜ್ಮತ್?"

"ನನ್ ಕೆಲ್ಸ ನಾನೇ ಕೆಡಿಸ್ಕೊಳ್ಳಾಕೆ ತಲೆ ಕೆಟ್ಟೈತಾ ಮೇಡಂ? ಹಿಂಗಂತ ಹೊರಗೆ ಹಾಕಿದ್ರೆ ಈ ಊರಾಗೆ ನಂಗೆ ಇನ್ಯಾರು ಕೆಲ್ಸ ಕೊಡ್ತಾರೆ?"

"ತಗಡು ಉಜ್ಜಿದ್ದೆಯಾ?"

"ಬಲಗಡೇದು ನಾನೇ ಉಜ್ಜಿದೆ. ಎಡಗಡೇದನ್ನ ಬಾಲರಾಜ್ ಅಡಿಗೆ ಪ್ರೈಮರ್ ಹೊಡೆದೇ ತಂದು ಕೂರ್ಸಿದ."

ತಗಡು ಕೂರಿಸುವ ಬಾಲರಾಜ್ ಬಾಗಿಲಿನ ಸಂದಿಗೆ ಬೆರಳಾಡಿಸಿದ. "ನೋಡ್ರಿ, ಸಂದಿ ಮೇಲೂ ಕೆಳಗೂ ಒಂದೇ ಸಮ ಐತೆ. ಬಣ್ಣದ ವಿಚಾರ ನಂಗೇನ್ ಗೊತ್ತು?"

ಕುಳಿಗಳು ಒಂದೇ ಪಟ್ಟಿಯಲ್ಲಿದ್ದವು— ನಿಂತ ಮನುಷ್ಯನ ಎದೆಯ ಎತ್ತರಕ್ಕೆ.

"ಕೈಯಿಂದ ಸವರಿದ್ದೇ ಇದು" ಎಂದರು ಸಾಬರು.

ಸ್ವಪ್ನ ಪಟ್ಟಿಯ ಎತ್ತರಕ್ಕೆ ಕೈ ಇಟ್ಟು ನೋಡಿದಳು. "ಬಾಲರಾಜ್, ಬಾಗಿಲು ಬಿಚ್ಚಿ ನೆಲದ ಮೇಲೆ ನಿಲ್ಸು."

"ಮತ್ತೆ ಸಂದಿ ಹೊಂದ್ಸಾಕೆ ಒಂದಿನ ಬೇಕು ಮೇಡಂ—"

"ನಿಲ್ಸು."

ಬಾಗಿಲು ಇಳಿಯಿತು. ಅವಳು ಪ್ರೈಮರ್ ಕೆರೆದು ಮೂಸಿ ನೋಡಿದಳು.

"ಸಾಬ್ರೇ, ಈಗ ಪಟ್ಟಿ ಎಲ್ಲೈತೆ?"

"ತೊಡೆ ಮಟ್ಟಕ್ಕೆ."

"ಅಂದ್ರೆ ಕುರಿ ಪಕ್ಕೆ ಮಟ್ಟಕ್ಕೆ. ಟ್ರಕ್ಕಿನ ಮೇಲೆ ನೋಡಿ ಮನುಷ್ಯನ ಕೈ ಅಂದ್ಕೊಂಡ್ವಿ. ವಾಸನೆ ನೋಡಿ, ಈ ಬಾಗಿಲಿಗೆ ವರ್ಷಗಟ್ಟಲೆ ಕುರಿ ಮೈ ಉಜ್ಜಿದಾವೆ. ಆ ಉಣ್ಣೆ ಜಿಡ್ಡು ಪ್ರೈಮರಿನ ಕೆಳಗೈತೆ, ಅಂದ್ರೆ ಅಜ್ಮತ್ ಮುಟ್ಟೋ ಮೊದ್ಲೇ ಇತ್ತು. ಟ್ರಕ್ಕಿನ ಸ್ವಂತ ಬಾಗಿಲು ಎಲ್ಲಿ ಬಾಲರಾಜ್?"

ಬಾಲರಾಜ್ ತಲೆ ತಗ್ಗಿಸಿದ. "ಕೂರ್ಸೋವಾಗ ಅದ್ರ ಅಂಚು ಜಾಸ್ತಿ ಕತ್ತರಿಸಿ ಕೆಡಿಸ್ಬಿಟ್ಟೆ. ಸಾಬ್ರಿಗೆ ಹೇಳಾಕೆ ನಾಚ್ಕೆ ಆಯ್ತು. ಕಾವಲ್ ಕಡೆ ಹೋದಾಗ ರೊಪ್ಪದಾಗೆ ಇಂಥದ್ದೇ ಬಾಗಿಲು ಕಾಣ್ತು, ಕಿತ್ಕೊಂಡ್ ಬಂದೆ."

"ನಾನು ಬೈಸ್ಕೊಳ್ಳೋವಾಗ ಪಕ್ಕದಾಗೇ ನಿಂತಿದ್ಯಲ್ಲೋ" ಎಂದ ಅಜ್ಮತ್. ಅವನ ಕಣ್ಣು ತುಂಬಿತ್ತು.

ಕ್ಯಾತಮ್ಮ ಜೀಪಿನಿಂದ ಇಳಿದು ಬಂದು ಬಾಗಿಲು ಸವರಿದಳು. "ನಮ್ದೇ ಕಣವ್ವ. ನಮ್ ಯಜಮಾನ್ರು ಗುಜರಿಯಿಂದ ತಂದಿದ್ರು. ಹಸಿರು ಯಾಕ್ ಬಳಿದ್ರಿ? ಕುರಿ ಬೆದರಿ ಒಳಗೇ ಬರ್ದಿದ್ರೆ?"

ಸಾಬರು ಬೀಗದ ಕೈಯನ್ನು ಅಜ್ಮತ್‌ನ ಮುಂದೆ ಹಿಡಿದರು. "ತಪ್ಪಾಯ್ತು ಬೇಟಾ."

ಅಜ್ಮತ್ ತಕ್ಷಣ ತೆಗೆದುಕೊಳ್ಳಲಿಲ್ಲ.

"ಮೊದ್ಲು ಅವ್ವನ ರೊಪ್ಪಕ್ಕೆ ಬಾಗಿಲು ಹಾಕಿ ಬರಾಣ ಚಾಚಾ. ಉಳಿದ ಮರಿಗಳಾದ್ರೂ ಇವತ್ತು ಬದುಕ್ಲಿ."

ಅವನು ಬಾಗಿಲಿನ ಒಂದು ತುದಿ ಹಿಡಿದ. ಸಾಬರು ಬೀಗದ ಕೈಯನ್ನು ಅವನ ಅಂಗಿಯ ಜೇಬಿಗೆ ಹಾಕಿ, ಇನ್ನೊಂದು ತುದಿಯನ್ನು ತಾವೇ ಎತ್ತಿದರು.