ನೂರನೇ ದೀಪ

ಬೆಳಿಗ್ಗೆ ಒಂಬತ್ತಕ್ಕೆ ತಂಗಿ ಬಾಗಿಲು ತೆರೆದಾಗ ಅಣ್ಣ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ. ಮುಟ್ಟಿದಳು. ಮೈ ತಣ್ಣಗಿತ್ತು. ಪಕ್ಕದಲ್ಲಿ ಚಹಾ ಕುಡಿದ ಲೋಟ, ನಿದ್ರೆ ಮಾತ್ರೆಯ ಖಾಲಿ ಪಟ್ಟಿ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಟೈಪ್ ಮಾಡಿದ ಒಂದು ಸಾಲು: 'ನನಗೆ ಸಾಕಾಯಿತು. ಕ್ಷಮಿಸಿ.'

ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಪೇದೆ ಆತ್ಮಹತ್ಯೆಯೆಂದು ಬರೆದು ಕೈತೊಳೆದುಕೊಂಡಿದ್ದ. ಆಕೆಗೆ ಮಾತ್ರ ಆ ಕೋಣೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಸತ್ತವನು ಒಬ್ಬನೇ ಕೂತು ನಾಲ್ಕು ವರ್ಷ ಕಟ್ಟಿದ ವಿಡಿಯೋ ಗೇಮ್ ಇನ್ನೂ ಓಡುತ್ತಿತ್ತು. ಚೌಕ ಚುಕ್ಕೆಗಳಿಂದಾದ ಪುಟ್ಟ ಮನುಷ್ಯ ಹಳ್ಳ ಹಾರಿ, ಗೋಡೆ ಹತ್ತಿ, ಕತ್ತಲ ಕೋಟೆಯಲ್ಲಿ ನೂರು ದೀಪ ಹಚ್ಚಬೇಕು. ಮೇಲೆ ಲೆಕ್ಕ ಕಾಣುತ್ತಿತ್ತು: ನೂರಕ್ಕೆ ನೂರು. ಪುಟ್ಟ ಮನುಷ್ಯ ಅಲ್ಲಾಡದೆ ಆಕೆಯನ್ನೇ ನೋಡುತ್ತಿದ್ದ.

"ಇದು ಅಣ್ಣ ಮಾಡಿದ್ದಲ್ಲ ಮೇಡಂ," ತಂಗಿ ಆ ಲೆಕ್ಕ ತೋರಿಸಿದಳು. "ನೂರನೇ ದೀಪ ಬಿಡುಗಡೆ ದಿನ ಅಮ್ಮನ ಕೈಲೇ ಹಚ್ಚಿಸ್ತೀನಿ ಅಂತಿದ್ದ. ಇನ್ನು ಮೂರೇ ದಿನ ಇತ್ತು. ಹೇಗೆ ಸತ್ತ ಅಂತ ಅಮ್ಮ ಕೇಳ್ತಿದ್ದಾಳೆ. ತಾನಾಗೇ ಜೀವ ಕಳ್ಕೊಂಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆ ಮಾತು ಇನ್‌ಸ್ಪೆಕ್ಟರಮ್ಮನ ಎದೆಗೆ ನಾಟಿತು. "ಸಂಜೆವರೆಗೆ ಏನೂ ಹೇಳ್ಬೇಡಿ."

ಆಟದ ದಾಖಲೆ ತೆಗೆಸಿದಳು. ನೂರನೇ ದೀಪ ಹತ್ತಿದ್ದು ಹಿಂದಿನ ದಿನ ಸಂಜೆ ಐದೂ ಹತ್ತಕ್ಕೆ. ನಾಲ್ಕಕ್ಕೇ ಪ್ರಜ್ಞೆ ತಪ್ಪಿರಬೇಕು, ಉಸಿರು ನಿಂತದ್ದು ಆರರ ಮೇಲೆ ಎಂದರು ಡಾಕ್ಟರು.

* * *

ಹಿಂದಿನ ದಿನ ಆ ಮನೆಗೆ ಬಂದವರು ಇಬ್ಬರೇ. ಆಟಕ್ಕೆ ಸಂಗೀತ ಮಾಡಿದವನು ಮಧ್ಯಾಹ್ನ ಬಂದು ಬೀದಿಗೆಲ್ಲ ಕೇಳುವಂತೆ ಜಗಳವಾಡಿ ಹೋಗಿದ್ದ. ಎಲ್ಲರ ಗುಮಾನಿಯೂ ಅವನ ಮೇಲೆ. ಇನ್‌ಸ್ಪೆಕ್ಟರಮ್ಮ ಅವನ ಕೈಗೆ ಆಟ ಕೊಟ್ಟಳು. ಏಳು ಸಲವೂ ಮೊದಲ ಹಳ್ಳಕ್ಕೇ ದಬಕ್ಕೆಂದು ಬಿದ್ದ. ನಾಟಕವಿರಬಹುದು ಅಂದುಕೊಂಡಳು. ಆದರೆ ನಾಲ್ಕರಿಂದ ಏಳರವರೆಗೆ ಅವನು ಹದಿನೈದು ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ. ಅದು ನಾಟಕವಾಗಿರಲಿಲ್ಲ.

ಎರಡನೆಯವನು ಆಟವನ್ನು ಆಡಿ ತಪ್ಪು ಹುಡುಕಿಕೊಡುವ ಗೆಳೆಯ. ಯಾವ ಆಟ ಹಿಡಿದರೂ ಮೂಲೆಮೂಲೆ ಜಾಲಾಡಿ, ಪೂರ್ತಿ ಮುಗಿಸಿಯೇ ಏಳುವ ಆಸಾಮಿ. ಹಾಗಾಗಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ನೂರಪ್ಪ ಎಂದೇ.

"ಮೂರಕ್ಕೆ ಹೋಗಿ ಚಹಾ ಕುಡಿದು ಬಂದೆ ಮೇಡಂ. ಚೆನ್ನಾಗೇ ಇದ್ದ."

"ಅವರ ಆಟ ಮುಗಿಸೋಕೆ ನಿಮ್ಮ ಕೈಲೂ ಆಗ್ಲಿಲ್ಲವಂತೆ? ತೊಂಬತ್ತೊಂಬತ್ತಕ್ಕೇ ಸುಸ್ತಾದ್ರಂತೆ?"

ನೂರಪ್ಪನ ಮುಖ ಕೆಂಪೇರಿತು. "ಯಾರ್ರೀ ಹೇಳಿದ್ದು? ನೂರಕ್ಕೆ ನೂರು ಮುಗಿಸಿದೀನಿ!"

"ಎಲ್ಲಿ?"

ಅವನು ತೋರಿಸಲೆಂದು ಜೇಬಿನಿಂದ ಫೋನ್ ತೆಗೆದ. ತಕ್ಷಣ ಮತ್ತೆ ಒಳಗಿಟ್ಟ.

"ನಿಮಗೆ ಕಳಿಸಿದ ಪ್ರತೀಲಿ ನೂರನೇ ದೀಪವೇ ಇಲ್ಲ," ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಹೇಳಿದಳು. "ಅದಿದ್ದದ್ದು ಅವರ ಕಂಪ್ಯೂಟರಿನಲ್ಲಿ ಮಾತ್ರ. ಹತ್ತಿದ್ದು ಒಂದೇ ಸಲ, ನಿನ್ನೆ ಐದೂ ಹತ್ತಕ್ಕೆ. ಆಗ ಅವರಿಗೆ ಪ್ರಜ್ಞೆ ಇರ್ಲಿಲ್ಲ."

ನೂರಪ್ಪ ಕುರ್ಚಿ ಎಳೆದುಕೊಂಡು ಕೂತ. "ಐದು ತಿಂಗಳು ಹುಡುಕಿದೆ. ಕೇಳಿದ್ರೆ ನಗ್ತಿದ್ದ. ಕೊಲ್ಲೋಕಲ್ಲ ಮೇಡಂ. ಒಂದು ಗಂಟೆ ಮಲಗಿಸಿ, ಅವನ ಟಿಪ್ಪಣಿ ಪುಸ್ತಕ ನೋಡೋಣ ಅಂತ ಅಷ್ಟೇ."

"ಮಲಗಿಸೋಕೆ ಇಡೀ ಪಟ್ಟಿ ಬೇಕಿತ್ತಾ?"

"ಅರ್ಧ ಉಳಿಸೋದು... ನನ್ನ ಕೈಲಾಗಲ್ಲ."

ಪೇದೆ ಎರಡು ಹೆಜ್ಜೆ ಹಿಂದೆ ಸರಿದ.

"ಆ ಪುಸ್ತಕ ನಾನೂ ಓದಿದೆ," ಎಂದಳು. "ಆ ದೀಪ ಹತ್ತೋದಕ್ಕೆ ಏನೂ ಮುಟ್ಟದೆ ನಲವತ್ತು ನಿಮಿಷ ಸುಮ್ನೆ ಕೂರ್ಬೇಕು. ನೀವು ಕೂತಿದ್ರಿ. ಪಕ್ಕದಲ್ಲಿ ಅವರಿಗೆ ಇನ್ನೂ ಉಸಿರಿತ್ತು. ಆಸ್ಪತ್ರೆಗೆ ಒಂದು ಫೋನ್ ಮಾಡಿದ್ರೆ ಬದುಕ್ತಿದ್ರು. ಮಾಡ್ಲಿಲ್ಲ. ದೀಪ ಹತ್ತಿದ ಮೇಲೆ ಹೆದರಿ, ಕ್ಷಮಿಸಿ ಅಂತ ಅವರ ಹೆಸರಲ್ಲಿ ಬರೆದು ಎದ್ದು ಬಂದ್ರಿ."

"ಜನ ಬಂದಿದ್ರೆ ಆಟ ನಿಲ್ಲಿಸಿಬಿಡ್ತಿದ್ರು ಮೇಡಂ," ಎಂದ ನೂರಪ್ಪ.

* * *

ಸಂಜೆ ಠಾಣೆಯ ಬೆಂಚಿನ ಮೇಲೆ ಕೂತು ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಅಣ್ಣ ತಾನಾಗಿ ಹೋಗಿಲ್ಲಮ್ಮ. ನಮ್ಮನ್ನ ಬಿಟ್ಟು ಹೋಗೋ ಮನಸ್ಸು ಅವನಿಗಿರ್ಲಿಲ್ಲ."

ಅತ್ತ ಕಡೆಯಿಂದ ಅಮ್ಮ ಕೇಳಿದಳು, "ಕೊನೇಲಿ ಒಬ್ಬನೇ ಇದ್ನಾ ಮಗಳೇ? ಹತ್ರ ಯಾರೂ ಇರ್ಲಿಲ್ವಾ?"

ತಂಗಿ ಇನ್‌ಸ್ಪೆಕ್ಟರಮ್ಮನ ಮುಖ ನೋಡಿದಳು. ಆಕೆ ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತಳು.