ಹೆಸರುಗಳ ಡಿಸ್ಕೂ ಗೊರವಂಕನ ಮಾತೂ

ಬಹಳ ಬಹಳ ಹಿಂದೆ, ಏಳು ಕೋಟೆಗಳಾಚೆ, ಮಣಿಕೊಳ್ಳ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲೊಂದು ಕಂಪ್ಯೂಟರು. ಅದರ ಡಿಸ್ಕಿನಲ್ಲಿ ಪ್ರಜೆಗಳೆಲ್ಲರ ಹೆಸರಿತ್ತು. ಹೆಸರು ಓದಲು ಸಿಗದೆ ಹೋದರೆ ಆ ಮನುಷ್ಯನ ಗುರುತು ಹೆತ್ತವರಿಗೂ ಹತ್ತುತ್ತಿರಲಿಲ್ಲ. ಆ ನಾಡಿನ ಮಾಯೆ ಅಂಥದ್ದು. ಡಿಸ್ಕು ಕಾಯುವವರೊಬ್ಬರಿಗೆ ಮಾತ್ರ ಆ ಮರೆವು ತಟ್ಟುತ್ತಿರಲಿಲ್ಲ.

ಕಾಯುತ್ತಿದ್ದವಳು ನಾಗುಲಿ. ಒಂದು ಬೆಳಿಗ್ಗೆ ಅವಳ ತಾಯಿ ಮಾಳವ್ವ ಕಣ್ಣು ಕಿರಿದು ಮಾಡಿ ನೋಡಿ, "ಯಾರ ಮನೆ ಹುಡುಗಿಯಮ್ಮ ನೀನು?" ಎಂದಳು.

ಡಿಸ್ಕಿಗೇನೋ ಆಗಿದೆ ಎಂದು ನಾಗುಲಿಗೆ ಹೊಳೆಯಿತು. ಅರಮನೆಗೆ ಓಡಿದಳು. ಅಲ್ಲಿ ಕಾವಲಿನವರು ಅರಸನನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದರು! ಹಿಂಬಾಗಿಲಿನಿಂದ ಒಳಹೊಕ್ಕಳು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಮಿನುಗುತ್ತಿತ್ತು: "ಡಿಸ್ಕು ಓದಲಾಗುತ್ತಿಲ್ಲ. ಫಾರ್ಮ್ಯಾಟ್ ಮಾಡಲೇ?"

ಪಕ್ಕದಲ್ಲಿ ಪರದೇಶದ ಮಾಂತ್ರಿಕ ಕರಿಕಂಠ ನಿಂತಿದ್ದ. ಮೂರು ದಿನದಿಂದ ಅವನು ಅರಮನೆಯ ಅತಿಥಿ.

"ಹೂಂ ಅನ್ನು ತಾಯಿ, ಎಲ್ಲ ಸರಿಹೋಗುತ್ತದೆ."

ಹೂಂ ಅಂದರೆ ಎಲ್ಲ ಹೆಸರೂ ಅಳಿಸಿಹೋಗುತ್ತವೆ. ಖಾಲಿ ಡಿಸ್ಕಿನಲ್ಲಿ ಯಾರು ಮೊದಲು ತನ್ನನ್ನು ಅರಸನೆಂದು ಬರೆದುಕೊಂಡರೂ ಅವನೇ ಅರಸ. ಇವನಿಗೇಕೆ ಇಷ್ಟು ಅವಸರ? ನಾಗುಲಿಗೆ ಅನುಮಾನ ಹತ್ತಿತು. ಅವನನ್ನು ಹೊರಗೆ ಕಳಿಸಿ ಅಗುಳಿ ಹಾಕಿದಳು.

ಮೊದಲು ಕೇಬಲ್ ಬದಲಿಸಿದಳು. ಅದೇ ಮಾತು, ಅದೇ ಮಿನುಗು. ತಪ್ಪು ಕೇಬಲಿನದಲ್ಲ.

ಆಮೇಲೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಹೊಸ ಡಿಸ್ಕಿಗೆ ನಕಲು ಮಾಡತೊಡಗಿದಳು. ಮುರಿದದ್ದನ್ನು ಮುಟ್ಟುವ ಮೊದಲು ನಕಲು ಇರಲಿ ಎಂದು. ಥಟ್ಟನೆ ಗೋಡೆಗಳಿಗೆ ಬೆಂಕಿ ಹತ್ತಿತು. ಹೊರಗಿನಿಂದ ಕರಿಕಂಠ ಕೂಗಿದ: "ಡಿಸ್ಕು ಸುಡುತ್ತಿದೆ, ಹೂಂ ಅನ್ನು!" ನಾಗುಲಿ ಡಿಸ್ಕಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಬೆಂಕಿಯೇ ಸುಳ್ಳು!

ಮೂರನೆಯದಾಗಿ ನಕಲನ್ನು ತಪಾಸಣೆಗೆ ಹಾಕಿದಳು. ಹೆಸರುಗಳೆಲ್ಲ ಕ್ಷೇಮವಾಗಿದ್ದವು. ಯಾವ ಹೆಸರು ಎಲ್ಲಿದೆ ಎಂದು ಹೇಳುವ ಪಟ್ಟಿಯನ್ನು ಮಾತ್ರ ಯಾರೋ ಕೆಡಿಸಿದ್ದರು. ಹುಡುಕಿದಾಗ ಆ ಪಟ್ಟಿಯದೇ ಇನ್ನೊಂದು ಪ್ರತಿ ಡಿಸ್ಕಿನ ಮೂಲೆಯಲ್ಲಿ ಸಿಕ್ಕಿತು.

ಅಷ್ಟರಲ್ಲಿ ಕಿಟಕಿಯ ಬಳಿ ಮಾಳವ್ವನ ದನಿ ಕೇಳಿತು. "ಮಗಳೇ, ಹೂಂ ಅನ್ನು. ನಿನ್ನನ್ನು ಮಡಿಲಿಗೆ ಎಳೆದುಕೊಳ್ಳಬೇಕು ಅನ್ನಿಸುತ್ತಿದೆ ಕಣೇ."

ನಾಗುಲಿಯ ಕಣ್ಣು ತುಂಬಿತು. ಬೆರಳು ಹೂಂ ಎನ್ನುವ ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ನಮ್ಮವ್ವನಿಗೆ ಈಗ ನಾನು ಯಾರೆಂದೇ ಗೊತ್ತಿಲ್ಲ," ಎಂದಳು ಮೆಲ್ಲಗೆ. "ಮಗಳೇ ಎಂದು ಕರೆದವರು ಯಾರು?"

ಕಿಟಕಿ ತೆರೆದರೆ ಒಂದು ಗೊರವಂಕ ಕೂತಿತ್ತು, ಯಾರ ದನಿಯನ್ನಾದರೂ ಅನುಕರಿಸುವ ಹಕ್ಕಿ. ನಾಗುಲಿ ಸರಕ್ಕನೆ ಅದರ ಮೇಲೆ ಬುಟ್ಟಿ ಕವುಚಿ ಹಾಕಿ, ಪಟ್ಟಿಯನ್ನು ಸರಿಪಡಿಸಿ, ಹೊಸ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದಳು.

ಹೆಸರುಗಳು ಸಾಲುಸಾಲಾಗಿ ಮೂಡಿಬಂದವು. ಬಾಗಿಲಲ್ಲಿ ಕಾವಲಿನವರು ಅರಸನ ಕಾಲಿಗೆ ಬಿದ್ದರು. ಹೆಸರು ಮರಳಿದ್ದೇ ಮಾಟವೂ ಮುರಿದು, ಗೊರವಂಕದ ರೂಪ ಹೋಗಿ ಕರಿಕಂಠ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಬಾಯಿ ತೆರೆದರೆ ಒಂದು ಮಂತ್ರವೂ ಹೊರಡಲಿಲ್ಲ. ಅರಸ ಅವನನ್ನು ಗಡಿಯಾಚೆ ಅಟ್ಟಿಸಿದ.

ಮಾಳವ್ವ ಏದುಸಿರು ಬಿಡುತ್ತ ಓಡಿಬಂದಳು. "ನಾಗೂ! ತಲೆ ಕೂಡ ಬಾಚಿಕೊಳ್ಳದೆ ಅರಮನೆಗೆ ಬಂದಿದ್ದೀಯಲ್ಲೇ!"

ಆ ಬೈಗುಳ ಕೇಳಿ ನಾಗುಲಿ ಅತ್ತಳು, ನಕ್ಕಳು, ತಾಯಿಯ ಮುಂದೆ ಬೆನ್ನು ತಿರುಗಿಸಿ ಕೂತಳು. ಮಾಳವ್ವ ಜಡೆ ಹೆಣೆದಳು.

ಮಣಿಕೊಳ್ಳದಲ್ಲಿ ಅರಸನಿಂದ ಅಗಸನವರೆಗೆ ಎಲ್ಲರೂ ಸುಖವಾಗಿ ಬಾಳಿದರು. ಅವರ ಬಾಳು ಅವರಿಗೆ, ಈ ಕತೆ ನಮಗೆ.