ತೊಲೆಯ ಕೆಳಗೆ ನಿಂತವಳು

“ಅಲ್ಲಿಂದ ಈಚೆ ಬನ್ನಿ!”

ಅವಳು ತಿರುಗಿ ನೋಡುವಷ್ಟರಲ್ಲಿ ಒಬ್ಬ ಅಪರಿಚಿತ ರಂಗದ ಮೇಲೆ ಹಾರಿ ಬಂದು, ರಟ್ಟೆ ಹಿಡಿದು ಅವಳನ್ನು ಪಕ್ಕಕ್ಕೆ ಎಳೆದುಬಿಟ್ಟಿದ್ದ.

ಮೇಲಿನಿಂದ ಬಿದ್ದದ್ದು ಒಂದು ಹಿಡಿ ಮರದ ಹುಡಿ, ಅಷ್ಟೇ! ತಂಡದವರೆಲ್ಲ ಗೊಳ್ಳೆಂದು ನಕ್ಕರು. ಅವಳ ಮುಖ ಕೆಂಡವಾಯಿತು.

“ಏನ್ರೀ ಇದು? ಯಾರು ನೀವು?”

“ಹೊಸ ಲೈಟಿನವನು. ನಿಮ್ಮ ತಲೆ ಮೇಲಿರೋ ತೊಲೆನ ಗೆದ್ದಲು ತಿಂದು ಟೊಳ್ಳು ಮಾಡಿದೆ.”

“ಬಿಡಪ್ಪ, ಈ ಗೋದಾಮು ನನಗಿಂತ ಗಟ್ಟಿ!” ಎಂದರು ಅವಳ ಸೋದರಮಾವ. ತಂದೆತಾಯಿ ಇಲ್ಲದ ಅವಳನ್ನು ಸಾಕಿದವರು ಅವರೇ. ಹಳೇ ಗೋದಾಮನ್ನು ರಂಗಮಂದಿರ ಮಾಡಿ ಈ ಪುಟ್ಟ ತಂಡ ಕಟ್ಟಿದವರೂ ಅವರೇ.

“ಈಗ ಎಲ್ಲರೂ ಕೇಳಿ. ಈ ವರ್ಷ ಮೂರು ನಾಟಕ. ಮೊದಲು ಒಂದು ನಗೆನಾಟಕ, ರಜೆಯಲ್ಲಿ ಮಕ್ಕಳದ್ದು. ಕೊನೆಯದು...” ಮಾವ ಅವಳತ್ತ ನೋಡಿ ನಕ್ಕರು. “ನಮ್ಮ ಹುಡುಗಿ ಬರೆದದ್ದು!”

ಅವಳ ಕಣ್ಣು ತುಂಬಿತು. ಎಷ್ಟು ವರ್ಷದ ಆಸೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೊಬ್ಬ ಮಾತ್ರ ತಲೆಯೆತ್ತಿ ಸೂರನ್ನೇ ನೋಡುತ್ತಿದ್ದ.

ಚಪ್ಪಾಳೆ ನಿಂತಾಗ ಮೇಲೆಲ್ಲೋ ಕಿರ್... ಎಂದಿತು.

ಅವಳಿಗೂ ಕೇಳಿಸಿತು. ಕೇಳಿಸದವಳ ಹಾಗೆ ಇದ್ದುಬಿಟ್ಟಳು.

ಅಂದಿನಿಂದ ಅವನು ಬಿಡುವಾದಾಗಲೆಲ್ಲ ಏಣಿ ಹತ್ತಿ ತೊಲೆಗಳನ್ನು ತಟ್ಟಿ ನೋಡುತ್ತಿದ್ದ. ಟೊಳ್ಳು ತೊಲೆಯ ಕೆಳಗೆ ಅವಳು ನಿಲ್ಲುವ ಜಾಗಕ್ಕೆ ಬೆಳಕು ಬೀಳದಂತೆ ಮಾಡಿ, ಅವಳು ತಾನಾಗಿಯೇ ಸರಿದು ನಿಲ್ಲುವಂತೆ ಮಾಡುತ್ತಿದ್ದ. ಬೈಯುತ್ತಾ ಬೈಯುತ್ತಲೇ ಅವಳು ಅವನ ಹೆಜ್ಜೆ ಸದ್ದಿಗೆ ಕಾಯತೊಡಗಿದ್ದಳು.

ಒಂದು ಸಂಜೆ ಪರದೆಯ ಹಿಂದೆ ಅವನು ಫೋನಿನಲ್ಲಿ ಮಾತಾಡುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

“ಈ ವರ್ಷ ಇಲ್ಲಿ ಒಂದು ನಾಟಕಾನೂ ಆಗಬಾರದು. ಬೀಗ ಹಾಕಿಸಲೇಬೇಕು. ಬೇಗ ಬಾ.”

ಅವಳು ಪರದೆಯನ್ನು ಸರ್ರನೆ ಸರಿಸಿದಳು. ಇಷ್ಟು ದಿನ ನಂಬಿಸಿದ್ದು ಇದಕ್ಕಾ?

“ನನ್ನ ನಾಟಕ ನಿಮಗೇನು ಮಾಡಿತ್ತು?”

“ಕೇಳಿ, ಅದು ನಮ್ಮಕ್ಕ... ನನಗೆ ನಾಟಕಕ್ಕಿಂತ ನೀವು ಉಳಿಯೋದು ಮುಖ್ಯ...”

“ಸಾಕು! ಇಂಥ ಡೈಲಾಗ್ ಬರೆಯೋಕೆ ನನಗೇ ನಾಚಿಕೆ ಆಗುತ್ತೆ. ಹೊರಡಿ!”

ಅವನು ಹೊರಟುಹೋದ.

ಮರುದಿನದ ತಾಲೀಮಿನಲ್ಲಿ ಅವಳು ಮಾತಿಲ್ಲದೆ ನಿಲ್ಲಬೇಕಾದ ಒಂದು ಘಳಿಗೆ ಬಂತು. ಆ ಮೌನದಲ್ಲಿ ಮತ್ತೆ ಅದೇ ಸದ್ದು. ಈ ಸಲ ಉದ್ದಕ್ಕೆ, ಯಾರೋ ಹಲ್ಲು ಕಡಿದಂತೆ. ತುಟಿಯ ಮೇಲೆ ಹುಡಿ ಉದುರಿತು.

‘ಅಯ್ಯೋ... ಅವರು ಹೇಳಿದ್ದು ನಿಜ!’

“ಎಲ್ಲರೂ ಹೊರಗೆ ನಡೀರಿ! ಓಡಿ!”

ಎಲ್ಲರೂ ಓಡಿದರು. ಮಾವ ಮಾತ್ರ ಅಲ್ಲಾಡಲಿಲ್ಲ. “ಇದನ್ನ ಬಿಟ್ಟು ಎಲ್ಲಿಗೆ ಬರ್ಲಿ, ಮಗಳೇ?”

ಅವಳು ಅವರ ಕೈ ಜಗ್ಗುತ್ತಿರುವಾಗಲೇ ಅವನು ಒಳಗೆ ನುಗ್ಗಿ ಬಂದ. ಹಿಂದೆಯೇ ಅವನ ಅಕ್ಕ, ಕಟ್ಟಡಗಳ ಎಂಜಿನಿಯರ್. ಫೋನಿನಲ್ಲಿ ಅವನು ಕರೆದದ್ದು ಈ ಅಕ್ಕನನ್ನೇ!

“ಅಕ್ಕಾ, ಇವರನ್ನ ಕರ್ಕೊಂಡು ಹೋಗು!” ಎಂದು ಅವಳನ್ನು ಅಕ್ಕನ ಕೈಗೆ ನೂಕಿ, ಮಾವನತ್ತ ಓಡಿದ.

ಅವಳು ಅಂಗಳಕ್ಕೆ ಕಾಲಿಟ್ಟಳು. ಹಿಂದೆ ಸೂರು ಕುಸಿಯಿತು.

ಬಾಗಿಲ ತುಂಬ ದೂಳು. ಒಳಗೆ ಮಿಸುಕಾಟವೇ ಇಲ್ಲ.

“ಮಾವಾ!”

ಉತ್ತರವಿಲ್ಲ. ಅವನನ್ನು ಏನೆಂದು ಕೂಗಲಿ? ಇಷ್ಟು ದಿನ ಏನೂ ಕರೆದೇ ಇರಲಿಲ್ಲ...

“ರೀ...! ಏನೂಂದ್ರೇ...!”

ಕೂಗಿದ ಮೇಲೆಯೇ ತಾನೇನು ಕೂಗಿದೆ ಎಂದು ಅವಳಿಗೆ ಹೊಳೆದದ್ದು. ಕರೆದಳು, ಮತ್ತೆ ಮತ್ತೆ ಕರೆದಳು.

ದೂಳಿನೊಳಗಿಂದ ಕೆಮ್ಮು ಕೇಳಿಸಿತು. ಮಾವನನ್ನು ತೋಳಲ್ಲಿ ಆನಿಸಿಕೊಂಡು ಅವನು ಹೊರಬಂದ. ಭುಜದಿಂದ ರಕ್ತ ಸೋರುತ್ತಿತ್ತು.

ಮಾವ ನೆಲದ ಮೇಲೆ ಕುಸಿದು ಕೂತರು. “ಮೂರು ನಾಟಕ ಅಂದಿದ್ದೆನಲ್ಲೇ...”

“ಮೂರೂ ಆಡೋಣ ಮಾವ. ಬಯಲಲ್ಲಾದರೂ ಸರಿ.”

ಅವಳು ತನ್ನ ವೇಲ್‌ನಿಂದ ಅವನ ಭುಜ ಬಿಗಿದು ಕಟ್ಟಿದಳು.

“ನಿಮ್ಮನ್ನ ಓಡಿಸಿಬಿಟ್ಟೆ... ಕ್ಷಮಿಸ್ತೀರಾ?”

“ಅದಿರಲಿ. ಆಗ ಏನಂತ ಕೂಗಿದ್ರಿ?”

ಅವಳು ತಲೆ ತಗ್ಗಿಸಿದಳು. “ಕೇಳಿಸ್ತಾ?”

“ಕಣ್ಣೇ ಕಾಣಿಸ್ತಿರಲಿಲ್ಲ. ಬಾಗಿಲು ಯಾವ ಕಡೆ ಅಂತ ಗೊತ್ತಾಗಿದ್ದೇ ಆ ದನಿಯಿಂದ... ಇನ್ನೊಂದ್ಸಲ ಕರೀತೀರಾ?”

“ಒಂದೇ ಸಲ ಸಾಕಾ, ರೀ?”